‘ಬೀಟ್ ಅರೌಂಡ್ ದ ಬುಷ್’ ಕಲಿಸಲು ಹೋದಾಗ: ಒಂದು ಬೋಧನಾನುಭವ

ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡ್. ಸೇರಿದವಳು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಇಂಗ್ಲಿಷ್ ನುಡಿಗಟ್ಟೊಂದರ ಬಗ್ಗೆ ನಾನು ಬರೆಯುವುದು ಅಧಿಕಪ್ರಸಂಗ ಎನಿಸಬಹುದು. ಆದರೆ ಇಂಟರ್ನ್‌ಶಿಪ್‌ಗೆ ಹೋಗಿ ಬಂದವರಿಗೆಲ್ಲ ತಿಳಿದಿರುವಂತೆ, ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಎಂದರೆ ಖಾಲಿ ಪೀರಿಯಡ್ ತುಂಬುವ ಸಾಮಗ್ರಿ. ನಾನಿದ್ದ ಕನ್ನಡ ಮಾಧ್ಯಮದ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು ಒಂದು ವಾರದ ತರಬೇತಿಗೆ ಹೋಗಿದ್ದರು. ಮುಖ್ಯ ಶಿಕ್ಷಕರು ನನ್ನನ್ನು ಕರೆದು, “ನೀವು ಸೈನ್ಸ್‌ನವರು, ಇಂಗ್ಲಿಷ್ ಚೆನ್ನಾಗಿರುತ್ತೆ. 9ನೇ ತರಗತಿ ನೋಡ್ಕೊಳ್ಳಿ” ಎಂದರು. ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದುವುದಕ್ಕೂ ಇಂಗ್ಲಿಷ್ ಕಲಿಸುವುದಕ್ಕೂ ಇರುವ ಅಂತರ ನನಗೆ ಗೊತ್ತಿತ್ತು. ಹೇಳುವ ಧೈರ್ಯ ಆಗಲಿಲ್ಲ.

ಶಿಕ್ಷಕರು ಬಿಟ್ಟುಹೋಗಿದ್ದ ಪಟ್ಟಿಯಲ್ಲಿ ಐದು ನುಡಿಗಟ್ಟುಗಳಿದ್ದವು. ಮೊದಲನೆಯದು ‘ಬೀಟ್ ಅರೌಂಡ್ ದ ಬುಷ್’. ಪೀರಿಯಡ್ 40 ನಿಮಿಷ, ನುಡಿಗಟ್ಟು ಐದು, ತಲಾ ಎಂಟು ನಿಮಿಷ ಎಂದು ಗಣಿತದವಳಂತೆ ಲೆಕ್ಕ ಹಾಕಿದೆ. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ನುಡಿಗಟ್ಟಿನ ಅರ್ಥವನ್ನು ಹೇಳುವರು, ಸ್ವಂತ ವಾಕ್ಯದಲ್ಲಿ ಬಳಸುವರು’ ಎಂದು ಉದ್ದೇಶ ಬರೆದೆ. ತರಗತಿಗೆ ಹೋಗಿ ಕಪ್ಪುಹಲಗೆಯ ಎಡಗಡೆ ನುಡಿಗಟ್ಟು, ಬಲಗಡೆ ‘ಸುತ್ತಿ ಬಳಸಿ ಮಾತಾಡು’ ಎಂಬ ಅರ್ಥ, ಕೆಳಗೆ ಒಂದು ಉದಾಹರಣೆ ವಾಕ್ಯ ಬರೆದೆ. ಮಕ್ಕಳು ಬರೆದುಕೊಂಡರು. ಐದು ನಿಮಿಷದಲ್ಲಿ ಮುಗಿಯಿತು. ಮೂರು ನಿಮಿಷ ಉಳಿತಾಯವಾಯಿತು ಎಂದು ಒಳಗೊಳಗೇ ಸಂತೋಷಪಟ್ಟೆ.

ಉಳಿದ ಮೂರು ನಿಮಿಷದಲ್ಲಿ ಒಂದೊಂದು ವಾಕ್ಯ ಬರೆಯಲು ಹೇಳಿದೆ. ಓಡಾಡುತ್ತಾ ನೋಟ್ ಪುಸ್ತಕಗಳನ್ನು ನೋಡಿದರೆ ಅರ್ಧಕ್ಕರ್ಧ ಜನ ನನ್ನ ಉದಾಹರಣೆಯ ಹೆಸರನ್ನಷ್ಟೇ ಬದಲಿಸಿದ್ದರು. ಒಬ್ಬ ತನ್ನ ಅಣ್ಣ ಕೋಲಿನಿಂದ ಪೊದೆ ಬಡಿಯುತ್ತಾನೆ ಎಂದು ಬರೆದಿದ್ದ. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಮೂರನೇ ಬೆಂಚಿನ ಹುಡುಗನ ವಾಕ್ಯ: ‘ಅವರ್ ವಿಲೇಜ್ ಬಸ್ ಬೀಟ್ಸ್ ಅರೌಂಡ್ ದ ಬುಷ್.’ ನಮ್ಮೂರ ಬಸ್ಸು ಪೊದೆಯ ಸುತ್ತ ಬಡಿಯುತ್ತದೆ! ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ‘ತಪ್ಪು’ ಎಂದು ಕೆಂಪು ಗೀಟು ಎಳೆದು ಮುಂದಿನ ನುಡಿಗಟ್ಟಿಗೆ ಹೋದೆ.

ಸಂಜೆ ರೆಕಾರ್ಡ್ ಬರೆಯುವಾಗ ಆ ಕೆಂಪು ಗೀಟು ಕಾಡಿತು. ಹುಡುಗ ತಪ್ಪು ಮಾಡಿದ್ದೆಲ್ಲಿ? ‘ಸುತ್ತಿ ಬಳಸಿ’ ಎಂಬ ಕನ್ನಡ ಮಾತು ಮಾತಿಗೂ ಸಲ್ಲುತ್ತದೆ, ದಾರಿಗೂ ಸಲ್ಲುತ್ತದೆ. ಸುತ್ತಿ ಬಳಸಿ ಬರುವ ಬಸ್ಸು, ಸುತ್ತು ಬಳಸಿನ ರಸ್ತೆ ಎಂದು ನಾವು ದಿನವೂ ಅನ್ನುತ್ತೇವೆ. ಅವನ ಊರಿನ ಬಸ್ಸು ಮೂರು ಹಳ್ಳಿ ಹೊಕ್ಕು ಬರುತ್ತದೆ. ನಾನು ಕೊಟ್ಟ ಅರ್ಥವನ್ನು ಅವನು ನಿಷ್ಠೆಯಿಂದಲೇ ಬಳಸಿದ್ದ. ಇಂಗ್ಲಿಷ್ ನುಡಿಗಟ್ಟು ಮಾತಿಗೆ ಸಂಬಂಧಪಟ್ಟದ್ದು, ದಾರಿಗಲ್ಲ ಎಂದು ನಾನು ಹೇಳಿರಲೇ ಇಲ್ಲ. ನಾನೇ ಹಾಗೆ ಯೋಚಿಸಿರಲಿಲ್ಲ. ಬಲಗಡೆ ಬರೆದ ಕನ್ನಡ ಮಾತು ಎಡಗಡೆಯ ಇಂಗ್ಲಿಷಿಗೆ ಸಮ ಎಂದು, ಸಮೀಕರಣದ ಎರಡು ಬದಿಗಳಂತೆ ನಂಬಿದ್ದೆ.

ಬಸ್ಸಿನ ವಾಕ್ಯದಲ್ಲಿ ಇನ್ನೊಂದು ವಿಷಯವೂ ಇತ್ತು. ಎಷ್ಟು ಸುತ್ತಿದರೂ ಬಸ್ಸು ಕೊನೆಗೆ ಊರು ಮುಟ್ಟುತ್ತದೆ. ನಮ್ಮ ‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ’ ಎಂಬ ಗಾದೆಯಲ್ಲೂ ಅಷ್ಟೇ, ಹೊರಟವನು ಮೈಲಾರಕ್ಕೆ ಬಂದೇ ಬರುತ್ತಾನೆ. ಅಲ್ಲಿ ನಗುವುದು ಅವನು ವೃಥಾ ಮಾಡಿದ ಶ್ರಮಕ್ಕೆ. ಕೈ ಸುತ್ತಿ ಮೂಗು ಹಿಡಿಯುವವನೂ ಮೂಗನ್ನು ಹಿಡಿಯುತ್ತಾನೆ. ಪೊದೆಯ ಸುತ್ತ ಬಡಿಯುವವನ ಕಥೆಯೇ ಬೇರೆ. ಅವನಿಗೆ ಮುಟ್ಟುವ ಮನಸ್ಸೇ ಇಲ್ಲ, ಅಥವಾ ಮುಟ್ಟಲು ಭಯ. ಹೇಳಬೇಕಾದ್ದು ಏನೆಂದು ಗೊತ್ತಿದ್ದೂ ಅದರ ಆಚೀಚೆ ಮಾತಾಡುತ್ತಾನೆ. ಇದಕ್ಕೆ ಹತ್ತಿರದ ಕನ್ನಡ ಬೇಕಾದರೆ ‘ಹಾರಿಕೆಯ ಉತ್ತರ’, ‘ಜಾರಿಕೊಳ್ಳುವುದು’ ಎಂಬಲ್ಲಿ ಹುಡುಕಬೇಕು. ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂಬುದೂ ನೆನಪಾಯಿತು. ಆದರೆ ಅದು ಎರಡು ಕಡೆಯವರಿಗೂ ಒಪ್ಪುವಂತೆ ಇಬ್ಬಗೆಯಾಗಿ ಮಾತಾಡುವವನ ವಿಷಯ. ಅವನು ಏನೋ ಒಂದನ್ನು ಹೇಳಿಯಾದರೂ ಹೇಳುತ್ತಾನೆ. ಹೀಗೆ ಒಂದು ಇಂಗ್ಲಿಷ್ ಮಾತಿಗೆ ಸುತ್ತಮುತ್ತ ನಾಲ್ಕು ಕನ್ನಡ ಮಾತುಗಳಿವೆ, ಒಂದೂ ಸರಿಯಾಗಿ ಅದರ ಮೇಲೆ ಕೂರುವುದಿಲ್ಲ. ಮಕ್ಕಳಿಗೆ ಕೊಡಬೇಕಾದ್ದು ಈ ನಾಲ್ಕರ ವ್ಯತ್ಯಾಸ ಎಂದು ಈಗ ಅನಿಸುತ್ತದೆ. ಮನೆಯಿಂದಲೇ ತಂದ ಮಾತುಗಳಾದ್ದರಿಂದ ಅವರು ಇದರಲ್ಲಿ ನಮಗಿಂತ ಚುರುಕು.

ಮಾರನೆಯ ದಿನ ಅದೇ ತರಗತಿಗೆ ಹೋಗಿ ಮೊದಲು ಆ ಕೆಂಪು ಗೀಟಿಗೆ ಕಾರಣ ಹೇಳಿದೆ. ಆಮೇಲೆ ಕೇಳಿದೆ: “ಪೊದೆಯ ಸುತ್ತ ಕೋಲಿನಿಂದ ಯಾರಾದರೂ ಯಾವಾಗ ಬಡೀತಾರೆ?” ಹಿಂದಿನ ಬೆಂಚಿನಿಂದ ಉತ್ತರ ಬಂತು: “ಕೋಳಿ ಲಂಟಾನ ಪೊದೆ ಒಳಗೆ ಮೊಟ್ಟೆ ಇಡೋಕೆ ಕೂತಾಗ, ಮಿಸ್.” ಕೋಳಿಯನ್ನು ಹೊರಗೆ ಎಬ್ಬಿಸಲು ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಆ ಕಡೆ ನಿಂತು ಹಿಡಿಯುತ್ತಾರೆ. “ಬಡೀತಾನೇ ಇದ್ದು, ಯಾರೂ ಹಿಡಿಯದೆ ಇದ್ದರೆ?” “ಕೋಳಿನೂ ಇಲ್ಲ, ಮೊಟ್ಟೆನೂ ಇಲ್ಲ.” “ಪೊದೆಯೊಳಗೆ ಕೈ ಹಾಕೋಕೆ ಯಾಕೆ ಹಿಂಜರೀತಾರೆ?” “ಮುಳ್ಳು”, “ಹಾವಿದ್ರೆ?” ಎಂದು ನಾಲ್ಕು ಕಡೆಯಿಂದ ಕೂಗಿದರು. ನಾನು ಮೂರು ಪುಸ್ತಕ ನೋಡಿ ತಯಾರಿಸಿದ್ದ ವಿವರಣೆ ಬೇಕಾಗಲೇ ಇಲ್ಲ.

ನುಡಿಗಟ್ಟಿನ ಹುಟ್ಟೂ ಇಂಥದ್ದೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಕ್ಕಿ ಬೇಟೆಗೆ ಹೋದಾಗ ಆಳುಗಳು ಪೊದೆಗಳನ್ನು ಬಡಿದು ಹಕ್ಕಿಗಳನ್ನು ಎಬ್ಬಿಸುತ್ತಿದ್ದರು, ಬಲೆ ಹಿಡಿದವರು ಬೇರೆಯವರು. ಬೇಟೆಯಲ್ಲಿ ಹೀಗೆ ಎಬ್ಬಿಸಿ ಅಟ್ಟುವುದಕ್ಕೆ ನಮ್ಮಲ್ಲೂ ‘ಸೋವುವುದು’ ಎಂಬ ಹಳೆಯ ಮಾತಿದೆ. ಪೊದೆ ಬಡಿಯುವವನೊಬ್ಬ, ಹಕ್ಕಿ ಹಿಡಿಯುವವನೊಬ್ಬ ಎಂಬ ಮಾತು 15ನೇ ಶತಮಾನದ ಇಂಗ್ಲಿಷ್ ಕಾವ್ಯದಲ್ಲೇ ಸಿಗುತ್ತದೆ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಗಾದೆಗಳ ಪುಸ್ತಕದಲ್ಲೂ ಇದೆ. ಆಗ ಅದರ ಅರ್ಥ ಒಬ್ಬರ ದುಡಿಮೆಯ ಫಲ ಇನ್ನೊಬ್ಬರಿಗೆ ಎಂದು, ನಮ್ಮ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದ ಹಾಗೆ. ಕಾಲಕ್ರಮದಲ್ಲಿ ಹಕ್ಕಿ ಹಿಡಿಯುವವನು ಮಾತಿನಿಂದ ಬಿಟ್ಟುಹೋದ, ಬಡಿಯುವವನು ಮಾತ್ರ ಉಳಿದ. ಬೇಟೆಗೆ ಪೂರ್ವಸಿದ್ಧತೆಯಾಗಿದ್ದ ಕೆಲಸ ಬೇಟೆಯನ್ನೇ ಮುಂದೂಡುವ ನೆಪವಾಯಿತು. ಇದನ್ನು ಹೇಳಿದಾಗ ಮಕ್ಕಳಿಗಿಂತ ನನಗೇ ಹೆಚ್ಚು ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಇತಿಹಾಸಕ್ಕೆ ಎರಡು ನಿಮಿಷ ಸಾಕಿತ್ತು, ನಾನು ಏಳು ನಿಮಿಷ ತೆಗೆದುಕೊಂಡೆ.

ಬಳಕೆಯ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಅಮೆರಿಕದವರು ‘ಅರೌಂಡ್’ ಎನ್ನುತ್ತಾರೆ, ಬ್ರಿಟಿಷರು ‘ಅಬೌಟ್’ ಎನ್ನುವುದೇ ಹೆಚ್ಚು, ಎರಡೂ ಸರಿ. ‘ದ’ ಬಿಡುವ ಹಾಗಿಲ್ಲ. ಪೊದೆಯ ಜಾಗದಲ್ಲಿ ಮರ, ಬೇಲಿ ಹಾಕುವ ಹಾಗಿಲ್ಲ. ‘ಬೀಟ್’ ಭೂತಕಾಲದಲ್ಲೂ ‘ಬೀಟ್’ ಆಗಿಯೇ ಉಳಿಯುತ್ತದೆ, ‘ಬೀಟೆಡ್’ ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ‘ಸ್ಟಾಪ್ ಬೀಟಿಂಗ್’, ‘ಡೋಂಟ್ ಬೀಟ್’ ಎಂಬ ರೂಪಗಳಲ್ಲೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಇದಕ್ಕೆ ವಿರುದ್ಧವಾದದ್ದು ‘ಕಮ್ ಟು ದ ಪಾಯಿಂಟ್’. ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಸಿದೆ. ಇದನ್ನು ಯಾರು ಯಾರಿಗೆ ಹೇಳಬಹುದು ಎಂಬುದೊಂದನ್ನು ಬಿಟ್ಟೆ. ಯೋಜನೆಯಲ್ಲಿ ಅದು ಇರಲಿಲ್ಲ.

ಅದೇ ವಾರ ಅದೇ ತರಗತಿಗೆ ನನ್ನ ವಿಜ್ಞಾನದ ಪಾಠವಿತ್ತು. ಘಟಕ: ದ್ರವ್ಯದ ಸ್ಥಿತಿಗಳು. ಕಾಲೇಜಿನಿಂದ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನಕ್ಕೆ ಬಂದು ಕೊನೆಯ ಬೆಂಚಿನಲ್ಲಿ ನಮೂನೆ ಹಿಡಿದು ಕೂತಿದ್ದರು. ಮಂಜುಗಡ್ಡೆ, ನೀರು, ಹಬೆ, ಎಲ್ಲ ಯೋಜನೆಯಂತೆ ನಡೆಯಿತು. ‘ಏನಾದರೂ ಸಂದೇಹ?’ ಎಂದು ಕೇಳಿದೆ. ಯೋಜನೆಯಲ್ಲಿ ಆ ಪ್ರಶ್ನೆಗೆ ಅರ್ಧ ನಿಮಿಷ ಇಟ್ಟಿದ್ದೆ, ಯಾರೂ ಏನೂ ಕೇಳುವುದಿಲ್ಲ ಎಂಬ ನಂಬಿಕೆಯಲ್ಲಿ. ಬಸ್ಸಿನ ವಾಕ್ಯದ ಹುಡುಗ ಎದ್ದು ನಿಂತ. “ಮಿಸ್, ಬೆಂಕಿ ಘನವೋ, ದ್ರವವೋ, ಅನಿಲವೋ?”

ನನಗೆ ಗೊತ್ತಿರಲಿಲ್ಲ. ಐದಾರು ವರ್ಷ ವಿಜ್ಞಾನ ಓದಿದವಳಿಗೆ ಇದು ಗೊತ್ತಿಲ್ಲ ಎಂಬುದು ಆ ಕ್ಷಣದಲ್ಲೇ ಗೊತ್ತಾಯಿತು. ಉಪನ್ಯಾಸಕರ ಪೆನ್ನು ಮೇಲೆದ್ದದ್ದೂ ಕಾಣಿಸಿತು. ನಾನು, “ಬಹಳ ಒಳ್ಳೆಯ ಪ್ರಶ್ನೆ” ಎಂದೆ. ಪ್ರಬಲನ ಕೌಶಲದಲ್ಲಿ ನಮಗೆ ಕಲಿಸಿಕೊಟ್ಟ ಮಾತು ಅದು. ಆಮೇಲೆ ದಹನಕ್ಕೆ ಆಮ್ಲಜನಕ ಬೇಕು ಎಂದೆ. ಮೇಣದಬತ್ತಿಯ ಜ್ವಾಲೆಯಲ್ಲಿ ಮೂರು ವಲಯಗಳಿವೆ, 8ನೇ ತರಗತಿಯಲ್ಲಿ ಓದಿದ್ದೀರಿ ಎಂದೆ. ದ್ರವ್ಯಕ್ಕೆ ಪ್ಲಾಸ್ಮಾ ಎಂಬ ನಾಲ್ಕನೇ ಸ್ಥಿತಿಯೂ ಇದೆ, ಸೂರ್ಯನಲ್ಲಿರುವುದು ಅದೇ ಎಂದೆ. ಸೂರ್ಯನಿಂದ ಟ್ಯೂಬ್‌ಲೈಟ್‌ಗೆ ಬಂದೆ. ಹುಡುಗ ನಿಂತೇ ಇದ್ದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬಹಳ ವಿನಯದಿಂದ, ಒಂದೊಂದೇ ಪದ ಜೋಡಿಸಿ ಹೇಳಿದ: “ಮಿಸ್, ಯು ಆರ್ ಬೀಟಿಂಗ್ ಅರೌಂಡ್ ದ ಬುಷ್.”

ತರಗತಿ ಗಪ್ ಎಂದಿತು. ಕ್ರಿಯಾಪದದ ರೂಪ ಸರಿ, ‘ದ’ ಇತ್ತು, ಸಂದರ್ಭವಂತೂ ಇದಕ್ಕಿಂತ ಸರಿ ಇರಲು ಸಾಧ್ಯವಿಲ್ಲ. ನನ್ನ ಪಾಠಯೋಜನೆಯ ಎರಡನೇ ಉದ್ದೇಶ, ‘ಸ್ವಂತ ವಾಕ್ಯದಲ್ಲಿ ಬಳಸುವರು’, ನೂರಕ್ಕೆ ನೂರು ಈಡೇರಿತ್ತು. ಮುಖ ಬಿಸಿಯಾಯಿತು. “ಕೂತ್ಕೋ” ಎನ್ನಬೇಕು ಎಂದು ಬಾಯಿಗೆ ಬಂದಿತ್ತು. ಅವನ ಮುಖ ನೋಡಿದೆ. ಅಲ್ಲಿ ಉಡಾಫೆ ಇರಲಿಲ್ಲ, ವಾಕ್ಯ ಸರಿಯಾಯಿತೇ ಎಂಬ ಕಾತರ ಮಾತ್ರ ಇತ್ತು. “ವಾಕ್ಯ ಸರಿಯಾಗಿದೆ. ಉತ್ತರ ನನಗೆ ಗೊತ್ತಿಲ್ಲ, ನಾಳೆ ಹೇಳ್ತೀನಿ” ಎಂದೆ. ಅಷ್ಟು ಹೇಳಲು ನಾನು ಸೂರ್ಯನವರೆಗೆ ಹೋಗಿ ಬಂದಿದ್ದೆ.

ಮಾರನೆಯ ದಿನ ಮೇಣದಬತ್ತಿ ಮತ್ತು ಒಂದು ಸ್ಟೀಲ್ ಚಮಚ ತೆಗೆದುಕೊಂಡು ಹೋದೆ. ಜ್ವಾಲೆ ಬಹುಮಟ್ಟಿಗೆ ಬಿಸಿ ಅನಿಲ, ಅದು ಹಳದಿಯಾಗಿ ಹೊಳೆಯುವುದು ಅದರೊಳಗೆ ಕಾದ ಮಸಿಯ ಅತಿ ಸಣ್ಣ ಘನ ಕಣಗಳಿಂದ. ಚಮಚವನ್ನು ಹಳದಿ ಭಾಗದಲ್ಲಿ ಹಿಡಿದಾಗ ಅಂಟಿದ ಕಪ್ಪನ್ನು ಎಲ್ಲರೂ ಬೆರಳಿನಿಂದ ಮುಟ್ಟಿ ನೋಡಿದರು. ಬೆಂಕಿಯನ್ನು ಒಂದು ವಸ್ತು ಎನ್ನುವುದಕ್ಕಿಂತ ನಡೆಯುತ್ತಿರುವ ಒಂದು ಕ್ರಿಯೆ ಎನ್ನುವುದು ಹೆಚ್ಚು ಸರಿ, ಮೇಣದಬತ್ತಿಯ ಬೆಂಕಿಗೆ ಪ್ಲಾಸ್ಮಾದ ತನಕ ಹೋಗುವ ಅಗತ್ಯವಿಲ್ಲ. ಇಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಹಿಂದಿನ ದಿನ ಗೊತ್ತಿಲ್ಲದ್ದನ್ನು ಮುಚ್ಚಿಡಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು.

ಉಪನ್ಯಾಸಕರು ಹಿಮ್ಮಾಹಿತಿಯಲ್ಲಿ ಜ್ವಾಲೆಯ ವಿಷಯ ಬರೆಯಲಿಲ್ಲ. ಪ್ರಶ್ನೆಗೆ ಪ್ರತಿಕ್ರಿಯಿಸುವ ಕೌಶಲಕ್ಕೆ ಕಡಿಮೆ ಅಂಕ ಕೊಟ್ಟಿದ್ದರು, ಅದು ನ್ಯಾಯವೇ. ಹೊರಗೆ ಬಂದ ಮೇಲೆ, “ಆ ಹುಡುಗ ಆ ಮಾತನ್ನು ಇನ್ನೊಬ್ಬ ಶಿಕ್ಷಕರಿಗೆ ಹೇಳಿದ್ದರೆ ಏನಾಗ್ತಿತ್ತು, ಯೋಚಿಸಿದ್ದೀರಾ?” ಎಂದು ಕೇಳಿದರು. ಯೋಚಿಸಿರಲಿಲ್ಲ. ಇಂಗ್ಲಿಷಿನಲ್ಲೂ ಈ ಮಾತು ಸಮಾನರ ನಡುವೆ ಅಥವಾ ಮೇಲಿನವರು ಕೆಳಗಿನವರಿಗೆ ಆಡುವಂಥದ್ದು. ಹಿರಿಯರಿಗೆ, ಅಧಿಕಾರಿಗೆ ಮುಖಕ್ಕೆ ಹೇಳಿದರೆ ಒರಟುತನವೇ. ಅರ್ಥ, ವ್ಯಾಕರಣ, ಇತಿಹಾಸ ಎಲ್ಲವನ್ನೂ ಕಲಿಸಿ, ಹುಡುಗನಿಗೆ ಏಟು ಬೀಳಬಹುದಾದ ಭಾಗವನ್ನೇ ನಾನು ಬಿಟ್ಟಿದ್ದೆ.

ಇದರ ಇನ್ನೊಂದು ಮುಖ ಎರಡು ದಿನ ಬಿಟ್ಟು ಗೊತ್ತಾಯಿತು. ಬರೆಯಲು ಸಂಕೋಚವಾಗುತ್ತದೆ, ಆದರೆ ಇದನ್ನು ಬಿಟ್ಟರೆ ಈ ಲೇಖನವೇ ಪೊದೆಯ ಸುತ್ತ ಬಡಿದಂತಾಗುತ್ತದೆ. ಊಟದ ವಿರಾಮದಲ್ಲಿ ನಾನು ರೆಕಾರ್ಡ್ ಬರೆಯುತ್ತಿದ್ದೆ. ಅದೇ ತರಗತಿಯ ಮೌನಿ ಹುಡುಗಿಯೊಬ್ಬಳು ಬಂದು ಮೇಜಿನ ಪಕ್ಕ ನಿಂತಳು. “ಮಿಸ್, ನಾಳೆ ಟೆಸ್ಟ್ ಇದೆಯಾ?” ಇಲ್ಲ ಎಂದೆ. “ನಿಮ್ಮ ಊರು ಯಾವುದು ಮಿಸ್?” ಹೇಳಿದೆ. “ಮಧ್ಯಾಹ್ನ ಆಟದ ಪೀರಿಯಡ್ ಅಲ್ವಾ ಮಿಸ್?” ಹೌದು ಎಂದೆ. ಅವಳು ಹೋಗಲಿಲ್ಲ. ಗ್ರಾಫ್ ಅರ್ಧಕ್ಕೆ ನಿಂತಿತ್ತು, ಮೇಲಾಗಿ ಆ ವಾರವೆಲ್ಲ ನುಡಿಗಟ್ಟು ನನ್ನ ನಾಲಿಗೆಯ ಮೇಲೇ ಇತ್ತು. ನಗುತ್ತಲೇ ಹೇಳಿದೆ: “ಡೋಂಟ್ ಬೀಟ್ ಅರೌಂಡ್ ದ ಬುಷ್. ವಿಷಯಕ್ಕೆ ಬಾ.” ಅವಳು “ಏನಿಲ್ಲ ಮಿಸ್” ಎಂದು ಹೊರಟುಹೋದಳು.

ಆಟದ ಪೀರಿಯಡ್‌ನಲ್ಲಿ ಕಿಟಕಿಯಿಂದ ನೋಡಿದರೆ ಎಲ್ಲರೂ ಮೈದಾನದಲ್ಲಿ, ಅವಳು ಮಾತ್ರ ಜಗಲಿಯ ಮೂಲೆಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಗ ಹೊಳೆಯಿತು. ನಾನೂ ಆ ವಯಸ್ಸಿನಲ್ಲಿ ಟೀಚರ್ ಹತ್ತಿರ ಹೋಗಿ ಟೆಸ್ಟಿನ ವಿಷಯವನ್ನೇ ಕೇಳಿದ್ದೆ. ಬೀರುವಿನಿಂದ ಪ್ಯಾಡ್ ತೆಗೆದುಕೊಂಡು ಹೋಗಿ ಅವಳ ಪಕ್ಕ ಕೂತೆ. ಏನೂ ಕೇಳಲಿಲ್ಲ. ಆ ಮೂರು ಪ್ರಶ್ನೆಗಳಲ್ಲಿ ಕೊನೆಯದು ಹಕ್ಕಿಗೆ ಬಹಳ ಹತ್ತಿರ ಬಂದಿತ್ತು. ಬಲೆ ಹಿಡಿದು ಆ ಕಡೆ ನಿಲ್ಲಬೇಕಾಗಿದ್ದವಳು ನಾನು.

ಅಂದಿನಿಂದ ಈ ನುಡಿಗಟ್ಟಿನ ಬಗ್ಗೆ ನನಗೆ ಒಂದು ಅನುಮಾನ ಬಂದಿದೆ. ‘ನಾನು ಈಗ ಪೊದೆಯ ಸುತ್ತ ಬಡಿಯುತ್ತಿದ್ದೇನೆ’ ಎಂದು ತನ್ನ ಬಗ್ಗೆ ತಾನೇ ಹೇಳುವವರು ಅಪರೂಪ. ‘ನಾನು ಸುತ್ತಿ ಬಳಸಿ ಹೇಳುವುದಿಲ್ಲ’ ಎಂದು ಹೇಳಿಕೊಳ್ಳುವವರು ಮಾತ್ರ ಬಹಳ. ಉಳಿದಂತೆ ಇದು ಕೇಳುವವರ ಮಾತು, ತಾಳ್ಮೆ ಕಳೆದುಕೊಂಡ ಕೇಳುಗರ ಮಾತು. ನಮ್ಮ ಕಡೆ ಸಾಲ ಕೇಳಲು ಹೋದವರು ಮೊದಲು ಮಳೆಯ ವಿಷಯ, ಆಮೇಲೆ ಬೆಳೆಯ ವಿಷಯ, ಆಮೇಲೆ ಮನೆಯವರ ಆರೋಗ್ಯ ವಿಚಾರಿಸಿ, ಎದ್ದು ಚಪ್ಪಲಿ ಮೆಟ್ಟುವಾಗ ಹಣದ ಮಾತು ತೆಗೆಯುತ್ತಾರೆ. ಅದನ್ನು ಜಾರಿಕೊಳ್ಳುವುದು ಎನ್ನಲಾಗದು. ಕೇಳುವುದಕ್ಕೆ ಅದೇ ಕ್ರಮ. ನಾನು ಬೆಂಕಿಯ ಪ್ರಶ್ನೆಗೆ ಮಾಡಿದ್ದು ಜಾರಿಕೆ, ಹುಡುಗಿ ಮಾಡಿದ್ದು ಕೋರಿಕೆ. ಹೊರಗಿನಿಂದ ಎರಡೂ ಒಂದೇ ಥರ ಕೇಳಿಸುತ್ತವೆ.

ಮುಂದಿನ ವಾರ ‘ಬಿ’ ವಿಭಾಗಕ್ಕೆ ಇದೇ ಪಾಠ ಮಾಡುವ ಅವಕಾಶ ಸಿಕ್ಕಿತು. ಐದು ನುಡಿಗಟ್ಟುಗಳ ಬದಲು ಒಂದೇ ತೆಗೆದುಕೊಂಡೆ. ಕೋಳಿಯಿಂದ ಆರಂಭಿಸಿದೆ. ಅರ್ಥವನ್ನು ಕೊನೆಯವರೆಗೂ ಹಲಗೆಯ ಮೇಲೆ ಬರೆಯಲಿಲ್ಲ. ಮೂರು ಪುಟ್ಟ ಸಂಭಾಷಣೆಗಳನ್ನು ಮಕ್ಕಳಿಂದಲೇ ಆಡಿಸಿದೆ: ಕಿಟಕಿಯ ಗಾಜು ಒಡೆದ ಹುಡುಗ ಮತ್ತು ಅವನ ಅಪ್ಪ, ಸಾಲ ಕೇಳಲು ಬಂದ ನೆರೆಯವನು, ಉತ್ತರ ಗೊತ್ತಿಲ್ಲದ ಟೀಚರ್. ಇವರಲ್ಲಿ ಯಾರು ಪೊದೆಯ ಸುತ್ತ ಬಡಿಯುತ್ತಿದ್ದಾರೆ, ಅದನ್ನು ಅವರಿಗೆ ಮುಖಕ್ಕೆ ಹೇಳಬಹುದೇ ಎಂದು ಗುಂಪುಗಳಲ್ಲಿ ಚರ್ಚಿಸಲು ಬಿಟ್ಟೆ. ನೆರೆಯವನ ವಿಷಯದಲ್ಲಿ ಎರಡು ಗುಂಪುಗಳಿಗೆ ಜಗಳವೇ ಆಯಿತು. ಟೀಚರ್ ವಿಷಯದಲ್ಲಿ ಆಗಲಿಲ್ಲ. ಇಡೀ ತರಗತಿ ಒಂದೇ ಸ್ವರದಲ್ಲಿ “ಬೀಟಿಂಗ್” ಎಂದಿತು. ‘ಎ’ ವಿಭಾಗದ ಸುದ್ದಿ ಆಗಲೇ ತಲುಪಿತ್ತೋ ಏನೋ.

ಮೌಲ್ಯಮಾಪನಕ್ಕೆ ಸ್ವಂತ ವಾಕ್ಯ ಬರೆಸಿದಾಗ ಬಸ್ಸಿನಂಥ ವಾಕ್ಯ ಒಂದೂ ಬರಲಿಲ್ಲ. ಒಬ್ಬಳು ಬರೆದಿದ್ದಳು: ‘ವೆನ್ ಐ ಆಸ್ಕ್ ಅಬೌಟ್ ಕಾಲೇಜ್, ಮೈ ಫಾದರ್ ಬೀಟ್ಸ್ ಅರೌಂಡ್ ದ ಬುಷ್.’ ವಾಕ್ಯಗಳನ್ನು ಎಲ್ಲರೆದುರು ಓದಿಸಬೇಕು ಎಂದು ನನ್ನ ಯೋಜನೆಯಲ್ಲಿತ್ತು. ಅದನ್ನು ಓದಿಸಲಿಲ್ಲ. ಸರಿ ಗುರುತು ಹಾಕಿ, ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದು ಹೋಗು ಎಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಬಂದಳು. ಮೊದಲು ಟೆಸ್ಟಿನ ವಿಷಯ ಕೇಳಿದಳು. ನಾನು ರೆಕಾರ್ಡ್ ಮುಚ್ಚಿಟ್ಟೆ.